ಪುಟ್ಟ ಕ್ಯಾಬಿನೆಟ್‌ಗೆ ಯಾವ ಕೂಲರ್ ಕೂರುತ್ತೆ? ಆರ್ಡರ್ ಹಾಕೋ ಮುಂಚೆ ಅಳತೆ ಮಾಡೋದು ಹೀಗೆ

ಸಣ್ಣ ಪಿಸಿ ಜೋಡಿಸುವವರು ಸಾಮಾನ್ಯವಾಗಿ ಎರಡೇ ಅಂಕಿ ನೋಡುತ್ತಾರೆ. ಕ್ಯಾಬಿನೆಟ್‌ನಲ್ಲಿ, ಅಂದರೆ ಪಿಸಿಯ ಡಬ್ಬಿಯಲ್ಲಿ, ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ಗೆ ಎಷ್ಟು ಎತ್ತರದ ಜಾಗ ಇದೆ, ಕೂಲರ್ ಎಷ್ಟು ಎತ್ತರ ಇದೆ. ಎರಡನೆಯದು ಚಿಕ್ಕದಾಗಿದ್ದರೆ ಮುಗೀತು, ಆರ್ಡರ್ ಹಾಕಿಬಿಡುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ಅದರಿಂದ ಗೊತ್ತಾಗುವುದು ಸೈಡ್ ಪ್ಯಾನಲ್ ಮುಚ್ಚುತ್ತದೆ ಅನ್ನೋದು ಮಾತ್ರ. ಕೂಲರ್ ರ‍್ಯಾಮ್‌ಗೆ ತಾಗುತ್ತದೋ ಇಲ್ಲವೋ, ಪ್ರೊಸೆಸರ್‌ಗೆ ಕರೆಂಟ್ ಕೊಡುವ ಎಂಟು ಪಿನ್ನಿನ ಕೇಬಲ್ ಹಾಕಲು ಬೆರಳು ಹೋಗುತ್ತದೋ ಇಲ್ಲವೋ, ಪ್ಯಾನಲ್ ಮುಚ್ಚಿದ ಮೇಲೆ ಫ್ಯಾನ್‌ಗೆ ಗಾಳಿ ಸಿಗುತ್ತದೋ ಇಲ್ಲವೋ, ಇದನ್ನೆಲ್ಲ ಆ ಎರಡು ಅಂಕಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕೂತು ಜೋಡಿಸುವವರಿಗೆ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆದುಹೋಗುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಸಿಮೆಂಟ್ ತಾರಸಿಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ತಣ್ಣಗಾಗುವುದಿಲ್ಲ. ಹಾಗಾಗಿ ಇಲ್ಲಿ ಜಾಗದ ಲೆಕ್ಕ ಹಾಕುವಾಗಲೇ ಗಾಳಿಯ ಲೆಕ್ಕವನ್ನೂ ಹಾಕಿಬಿಡಬೇಕು.

ಇನ್ನೊಂದು, ವಾಪಸ್ ಕಳಿಸುವ ಪಾಡು. ನಮ್ಮೂರ ಅಂಗಡಿಗಳಲ್ಲಿ ದೊಡ್ಡ ಕ್ಯಾಬಿನೆಟ್‌ನ ಕೂಲರ್ ಸಿಗುತ್ತವೆ, ಗಿಡ್ಡ ಕೂಲರ್ ಸಿಗುವುದು ಅಪರೂಪ. ಆನ್‌ಲೈನ್‌ನಲ್ಲೇ ತರಿಸಬೇಕು. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸುವ ಪೇಸ್ಟ್ ಹಚ್ಚಿ, ಒಮ್ಮೆ ಕೂರಿಸಿ ಬಿಚ್ಚಿದ ಮಾಲನ್ನು ವಾಪಸ್ ತಗೊಳ್ಳಿ ಅಂದರೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ.

ಎತ್ತರ ಎಲ್ಲಿಂದ ಎಲ್ಲಿಗೆ?

ಕೂಲರ್ ಡಬ್ಬಿಯ ಮೇಲೆ ಬರೆದ ಎತ್ತರ ಅಂದರೆ ಪ್ರೊಸೆಸರ್ ಮೇಲೆ ಕೂರುವ ತಳದಿಂದ ಕೂಲರ್‌ನ ತುತ್ತತುದಿವರೆಗೆ, ಫ್ಯಾನ್ ಸೇರಿ. ಕ್ಯಾಬಿನೆಟ್ ಕಂಪನಿ ಹೇಳುವ ಜಾಗ ಸಾಮಾನ್ಯವಾಗಿ ಪ್ರೊಸೆಸರ್‌ನ ಮೇಲ್ಮೈಯಿಂದ ಪ್ಯಾನಲ್‌ನ ಒಳಮೈವರೆಗೆ. ನಾವು ಮನೆಯಲ್ಲಿ ಅಳೆಯುವಾಗ ಮಾತ್ರ ಮದರ್‌ಬೋರ್ಡ್‌ನ ಹಲಗೆಯಿಂದ ಸ್ಕೇಲ್ ಇಟ್ಟುಬಿಡುತ್ತೇವೆ. ಹಲಗೆಗೂ ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲ್ಮೈಗೂ ನಡುವೆ ಸುಮಾರು 7 ಮಿಮೀ ಇರುತ್ತದೆ. ಅಂದರೆ ಹಲಗೆಯಿಂದ 62 ಬಂತು ಅಂದರೆ ಕೂಲರ್‌ಗೆ ಸಿಗುವುದು 55 ಮಾತ್ರ. ದೊಡ್ಡ ಟವರ್ ಕ್ಯಾಬಿನೆಟ್‌ನಲ್ಲಿ 7 ಮಿಮೀ ಲೆಕ್ಕಕ್ಕೇ ಬರುವುದಿಲ್ಲ, ಇಲ್ಲಿ ಅದೇ ಎಲ್ಲ.

ಬೋರ್ಡ್ ಇನ್ನೂ ಬಂದಿಲ್ಲ, ಖಾಲಿ ಕ್ಯಾಬಿನೆಟ್ ಮಾತ್ರ ಇದೆ ಅನ್ನಿ. ಆಗ ಬೋರ್ಡ್ ಕೂರುವ ಪುಟ್ಟ ಗೂಟದ, ಅಂದರೆ ಸ್ಟ್ಯಾಂಡ್‌ಆಫ್‌ನ, ತುದಿಯಿಂದ ಅಳೆದು 9 ಮಿಮೀ ಕಳೆಯಿರಿ. ಬೋರ್ಡ್‌ನ ದಪ್ಪ 1.6, ಪ್ರೊಸೆಸರ್ ಕೂರುವ ಸಾಕೆಟ್ ಮತ್ತು ಪ್ರೊಸೆಸರ್ ಸೇರಿ 7ರಷ್ಟು, ಉಳಿದದ್ದು ಅಂದಾಜಿಗೆ ಬಿಟ್ಟದ್ದು.

ಅಳೆಯಲು ವರ್ನಿಯರ್ ಕ್ಯಾಲಿಪರ್ ಇದ್ದರೆ ಬಹಳ ಒಳ್ಳೆಯದು, ಅದರ ಹಿಂಬದಿಯಿಂದ ಹೊರಗೆ ಬರುವ ತೆಳು ಕಡ್ಡಿ ಇದೇ ಕೆಲಸಕ್ಕಿದೆ. ಐಟಿಐ ಓದುವ ಹುಡುಗರು ಮನೆಯಲ್ಲಿದ್ದರೆ ಕೇಳಿ. ಇಲ್ಲದಿದ್ದರೆ ಕಂಪಾಸ್ ಬಾಕ್ಸ್‌ನ ಸ್ಕೇಲ್ ಸಾಕು, ಆದರೆ ಅದನ್ನೊಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಸೊನ್ನೆಯ ಗೆರೆ ಅಂಚಿನಲ್ಲಿ ಇರುವುದಿಲ್ಲ, ಮೂರ್ನಾಲ್ಕು ಮಿಮೀ ಒಳಗಿರುತ್ತದೆ. ಆ ಖಾಲಿ ತುಂಡನ್ನು ಲೆಕ್ಕಕ್ಕೆ ಹಿಡಿಯದೆ ಅಂಚನ್ನೇ ಬೋರ್ಡ್‌ಗೆ ಊರಿ ಓದಿದರೆ ಅಷ್ಟೂ ತಪ್ಪು. ಅಂಚಿನಿಂದ ಸೊನ್ನೆಯವರೆಗೆ ಎಷ್ಟಿದೆ ನೋಡಿಟ್ಟುಕೊಂಡು ಕೂಡಿಸಿ, ಇಲ್ಲವೇ ಒಂದು ಪೋಸ್ಟ್‌ಕಾರ್ಡ್ ರಟ್ಟನ್ನು ನಿಲ್ಲಿಸಿ ಪೆನ್ಸಿಲ್ ಗುರುತು ಹಾಕಿ ಆಮೇಲೆ ಮೇಜಿನ ಮೇಲೆ ಅಳೆಯಿರಿ. ರಟ್ಟೇ ವಾಸಿ ಅಂತ ನನ್ನ ಅಭಿಪ್ರಾಯ.

ತೊಂದರೆ ಏನೆಂದರೆ ಪ್ಯಾನಲ್ ಮುಚ್ಚಿದಾಗ ಒಳಗೆ ಎಷ್ಟು ಜಾಗ ಉಳಿಯುತ್ತದೆ ಅನ್ನೋದನ್ನು ಪ್ಯಾನಲ್ ತೆರೆದು ಅಳೆಯಬೇಕಲ್ವಾ. ಚೌಕಟ್ಟಿನ ಅಂಚಿನ ಮೇಲೆ ಉದ್ದ ಸ್ಕೇಲ್ ಅಡ್ಡ ಇಟ್ಟು ಅಲ್ಲಿಂದ ಕೆಳಗೆ ಅಳೆಯುವುದು ಒಂದು ದಾರಿ. ಆದರೆ ಕೆಲವು ಪ್ಯಾನಲ್‌ಗಳು ಒಳಕ್ಕೆ ತಗ್ಗಾಗಿ ಕೂರುತ್ತವೆ, ಕೆಲವಕ್ಕೆ ಒಳಗಡೆ ಮಡಿಕೆ, ಕ್ಲಿಪ್, ಧೂಳಿನ ಜಾಲರಿ ಇರುತ್ತದೆ. ಅದಕ್ಕೆ ಸುಲಭದ ಉಪಾಯ ಮಕ್ಕಳು ಆಡುವ ಬಣ್ಣದ ಕ್ಲೇ. ಖಾಲಿ ಕ್ಯಾಬಿನೆಟ್‌ನಲ್ಲಿ ಸಾಕೆಟ್ ಬರುವ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ, ಬೇಕಾದ್ದಕ್ಕಿಂತ ಒಂಚೂರು ಎತ್ತರದ ಕ್ಲೇ ಕಂಬ ನಿಲ್ಲಿಸಿ, ಪ್ಯಾನಲ್ ಪೂರ್ತಿ ಮುಚ್ಚಿ ತೆಗೆಯಿರಿ. ಕಂಬದ ತಲೆ ಚಪ್ಪಟೆಯಾಗಿ, ಜಾಲರಿಯ ತೂತಿನ ಗುರುತು ಕೂಡ ಅದರ ಮೇಲೆ ಬಿದ್ದಿರುತ್ತದೆ. ಅದರ ಎತ್ತರದಲ್ಲಿ ಸ್ಟ್ಯಾಂಡ್‌ಆಫ್‌ನ ಎತ್ತರ ಮತ್ತು ಮೇಲೆ ಹೇಳಿದ 9 ಕಳೆದರೆ ನಿಮ್ಮ ನಿಜವಾದ ಅಂಕಿ ಸಿಕ್ಕಿತು. ಬೋರ್ಡ್ ಹಾಕಿದ ಮೇಲೆ ಮಾತ್ರ ಕ್ಲೇ ಸಹವಾಸ ಬೇಡ, ಸಾಕೆಟ್ ಪಿನ್ನಿನೊಳಗೆ ಸೇರಿದರೆ ಬೋರ್ಡ್ ಕಥೆ ಮುಗೀತು.

ಬಂದ ಅಂಕಿಯಲ್ಲಿ ಇನ್ನೂ 2 ಮಿಮೀ ಬಿಡಿ. ತೆಳು ತಗಡಿನ ಪ್ಯಾನಲ್ ನಡುವೆ ಒತ್ತಿದರೆ ಬಾಗುತ್ತದೆ, ಫ್ಯಾನ್‌ನ ಮೂಲೆಗೆ ತಾಗಿದರೆ ಗುಂಯ್ ಅಂತ ಶುರುವಾಗುತ್ತದೆ.

ಹೆಸರಿನಲ್ಲಿರುವ ಅಂಕಿ ನಂಬಬೇಡಿ

ಗಿಡ್ಡ ಕೂಲರ್‌ಗಳ ಹೆಸರಿನಲ್ಲಿ ಒಂದು ಅಂಕಿ ಇರುತ್ತದೆ, ಅದೇ ಎತ್ತರ ಅಂದುಕೊಳ್ಳುವವರು ಬಹಳ. ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ನಿಜಕ್ಕೂ 47 ಮಿಮೀ. ಆದರೆ ಐಡಿ-ಕೂಲಿಂಗ್ ಐಎಸ್-55 ಇರುವುದು 57. ಲಿಯಾನ್ ಲಿ ಎ4-ಎಚ್2ಒ ಕ್ಯಾಬಿನೆಟ್‌ನಲ್ಲಿ ಕೂಲರ್‌ಗೆ 55 ಮಿಮೀ ಜಾಗ. ಹೆಸರು ನೋಡಿ ಸರಿಹೊಂದುತ್ತದೆ ಅಂತ ತರಿಸಿದರೆ 2 ಮಿಮೀಗೆ ಕೈ ಸುಟ್ಟುಕೊಂಡ ಹಾಗೆ. ನಾಕ್ಟುವಾ ಎನ್‌ಎಚ್-ಎಲ್9ಐ 37 ಮಿಮೀ, ಅದೇ ಕಂಪನಿಯ ಎನ್‌ಎಚ್-ಎಲ್12ಎಸ್ 70. ಎಎಂಡಿ ಪ್ರೊಸೆಸರ್ ಜೊತೆ ಬರುವ ರೈತ್ ಸ್ಟೆಲ್ತ್ 54. ಪುಕ್ಕಟೆ ಬಂದದ್ದು ಸಾಕು ಅಂತ ನೆಚ್ಚಿಕೊಂಡವರು ಈ ಅಂಕಿ ನೆನಪಿಟ್ಟುಕೊಳ್ಳಿ.

ಫ್ಯಾನ್ ದಪ್ಪ ಕೂಡ ನೋಡಿ. ಗಿಡ್ಡ ಕೂಲರ್ ಜೊತೆ ಸಾಮಾನ್ಯವಾಗಿ 14 ಅಥವಾ 15 ಮಿಮೀ ತೆಳು ಫ್ಯಾನ್ ಬರುತ್ತದೆ, ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಫ್ಯಾನ್ 25 ಮಿಮೀ. ನಾಳೆ ಫ್ಯಾನ್ ಕೆಟ್ಟು ಬೇರೆ ಹಾಕೋಣ ಅಂದರೆ 10 ಮಿಮೀ ಜಾಸ್ತಿ ಬೇಕು.

ಕೆಲವು ಕ್ಯಾಬಿನೆಟ್‌ಗಳಲ್ಲಿ ಅಂಕಿ ಒಂದೇ ಇರುವುದಿಲ್ಲ. ಫ್ರಾಕ್ಟಲ್ ಟೆರ್ರಾದಲ್ಲಿ ನಡುವಿನ ಗೋಡೆಯನ್ನು ಅತ್ತಿತ್ತ ಸರಿಸಬಹುದು. ಕೂಲರ್‌ಗೆ 48ರಿಂದ 77 ಮಿಮೀ, ಗ್ರಾಫಿಕ್ಸ್ ಕಾರ್ಡ್‌ಗೆ 43ರಿಂದ 72. ಕೂಡಿಸಿ ನೋಡಿ, ಎರಡೂ ತುದಿಯಲ್ಲಿ 120 ಬರುತ್ತದೆ. ಅಂದರೆ ಜಾಗ ಒಂದೇ, ಹಂಚಿಕೊಳ್ಳುವವರು ಇಬ್ಬರು. ಕಾರ್ಡ್ 60 ಮಿಮೀ ದಪ್ಪ ಇದ್ದರೆ ಕೂಲರ್‌ಗೆ ಉಳಿಯುವುದು ಹೆಚ್ಚುಕಡಿಮೆ 60. ಅದಕ್ಕೇ ಇಂಥ ಕ್ಯಾಬಿನೆಟ್‌ನಲ್ಲಿ ಮೊದಲು ಕಾರ್ಡ್ ಯಾವುದು ಅಂತ ತೀರ್ಮಾನ ಆಗಲಿ, ಆಮೇಲೆ ಕೂಲರ್. ಸಿಲ್ವರ್‌ಸ್ಟೋನ್ ಎಸ್‌ಜಿ13ನಂಥ ಡಬ್ಬಿಗಳಲ್ಲಿ ಕಥೆಯೇ ಬೇರೆ, ಅಲ್ಲಿ ಪ್ರೊಸೆಸರ್‌ನ ಮೇಲೆ ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬಂದು ಕೂರುತ್ತದೆ. ಕೂಲರ್‌ಗೆ 61 ಮಿಮೀ ಇದೆ ಅಂತ ಬರೆದಿರುತ್ತದೆ, ಆದರೆ 60ರ ಕೂಲರ್ ಹಾಕಿದರೆ ಅದರ ಫ್ಯಾನ್ ಎಸ್‌ಎಂಪಿಎಸ್‌ನ ಹೊಟ್ಟೆಗೆ ಮುಖ ಒತ್ತಿಕೊಂಡು ನಿಲ್ಲುತ್ತದೆ. ಎರಡು ಫ್ಯಾನ್ ಒಂದೇ ಗಾಳಿಗೆ ಜಗಳ ಆಡುತ್ತವೆ. ಇಂಥ ಕಡೆ 40–47ರ ಕೂಲರ್ ಸಾಕು.

ಅಕ್ಕಪಕ್ಕದವರ ಕಾಟ

ಎತ್ತರ ಸರಿಹೋಯಿತು ಅನ್ನಿ. ಈಗ ಅಗಲ. ಸಣ್ಣ ಪಿಸಿಗಳ ಮಿನಿ ಐಟಿಎಕ್ಸ್ ಬೋರ್ಡ್ ಅಂದರೆ 170 ಗುಣಿಲೆ 170 ಮಿಮೀ, ಅಷ್ಟರಲ್ಲೇ ಎಲ್ಲ ಇಕ್ಕಟ್ಟು. ಸಾಕೆಟ್‌ನ ಒಂದು ಬದಿ ರ‍್ಯಾಮ್, ಇನ್ನೊಂದು ಬದಿ ಕನೆಕ್ಟರ್‌ಗಳ ಹಿಂದೆ ಪ್ರೊಸೆಸರ್‌ಗೆ ಬರುವ ವೋಲ್ಟೇಜ್ ಹದಮಾಡುವ ವಿಆರ್‌ಎಂನ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತುಂಡು), ಕೆಳಗೆ ಎಂ.2 ಎಸ್‌ಎಸ್‌ಡಿಯ ಮುಚ್ಚಳ, ಅದರ ಕೆಳಗೆ ಕಾರ್ಡ್ ಸ್ಲಾಟ್. ಬೋರ್ಡ್‌ನಿಂದ ಬೋರ್ಡ್‌ಗೆ ಸಾಕೆಟ್ ಕೂತಿರುವ ಜಾಗ ಬದಲಾಗುತ್ತದೆ, ಹಾಗಾಗಿ ಇನ್ನೊಬ್ಬರ ಬೋರ್ಡ್‌ನಲ್ಲಿ ಕೂತ ಕೂಲರ್ ನಿಮ್ಮದರಲ್ಲಿ ಕೂರದೇ ಇರಬಹುದು.

ಇದಕ್ಕೆ ನಾನು ಹೇಳುವ ದಾರಿ ಜೆರಾಕ್ಸ್ ಅಂಗಡಿ. ಬೋರ್ಡ್ ಕಂಪನಿಯ ಪುಟದಲ್ಲಿ ನೇರ ಮೇಲಿನಿಂದ ತೆಗೆದ ಚಿತ್ರ ಇರುತ್ತದೆ. ಅದನ್ನು ಡೌನ್‌ಲೋಡ್ ಮಾಡಿ, ಬೋರ್ಡ್‌ನ ಒಂದು ಬದಿ ಸರಿಯಾಗಿ 17 ಸೆಂಮೀ ಬರುವ ಹಾಗೆ ಪ್ರಿಂಟ್ ತೆಗೆಸಿ, ಎ4 ಹಾಳೆಯಲ್ಲಿ ಆರಾಮಾಗಿ ಹಿಡಿಸುತ್ತದೆ. ಅಂಗಡಿಯವರಿಗೆ ‘ಫಿಟ್ ಟು ಪೇಜ್’ ತೆಗೆಯಲು ಹೇಳಿ, ಇಲ್ಲದಿದ್ದರೆ ಪ್ರಿಂಟರ್ ತನಗೆ ಬೇಕಾದ ಹಾಗೆ ಎಳೆದುಬಿಡುತ್ತದೆ, ಸ್ಕೇಲ್ ಇಟ್ಟು 17 ಬಂತಾ ಅಂತ ನೋಡಿಕೊಂಡೇ ದುಡ್ಡು ಕೊಡಿ. ಆಮೇಲೆ ರಟ್ಟಿನಲ್ಲಿ ಕೂಲರ್‌ನ ಉದ್ದ ಅಗಲಕ್ಕೆ ಒಂದು ತುಂಡು ಕತ್ತರಿಸಿ. ಎಲ್9ಐ ಆದರೆ 95ಕ್ಕೆ 95. 120ರ ಫ್ಯಾನ್ ಇರುವ ಕೂಲರ್ ಆದರೆ ಶಾಖ ಸಾಗಿಸುವ ಹೀಟ್‌ಪೈಪ್ ಹೊರಚಾಚಿದ ಭಾಗವನ್ನೂ ಸೇರಿಸಿ, ಆ ಬಾಗಿದ ಪೈಪ್‌ಗಳೇ ಹೆಚ್ಚು ತರಲೆ. ತಳ ಎಲ್ಲಿದೆ ಅಂತ ಕೂಲರ್‌ನ ನಕ್ಷೆಯಲ್ಲಿ ನೋಡಿ, ಅದು ಯಾವಾಗಲೂ ನಟ್ಟನಡುವೆ ಇರುವುದಿಲ್ಲ. ಅಲ್ಲೊಂದು ಗುಂಡುಪಿನ್ ಚುಚ್ಚಿ, ಪ್ರಿಂಟ್‌ನ ಸಾಕೆಟ್ ಮಧ್ಯಕ್ಕೆ ಇಟ್ಟು ನಾಲ್ಕೂ ದಿಕ್ಕಿಗೆ ತಿರುಗಿಸಿ. ರಟ್ಟು ಎಲ್ಲೆಲ್ಲಿ ಹಾಯುತ್ತದೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ರಟ್ಟು ರ‍್ಯಾಮ್ ಮೇಲೆ ಹಾದರೆ ಅಲ್ಲಿಗೆ ಆಸೆ ಬಿಡಬೇಕಿಲ್ಲ. ಮುಚ್ಚಳವಿಲ್ಲದ ಬರಿಯ ಡಿಡಿಆರ್4 ಅಥವಾ ಡಿಡಿಆರ್5 ಕಡ್ಡಿ ಸುಮಾರು 31 ಮಿಮೀ ಎತ್ತರ. ಲೈಟು ಹಾಕಿದ ಶೋಕಿ ರ‍್ಯಾಮ್‌ಗಳು 44ರಿಂದ 50ರ ಮೇಲೂ ಹೋಗುತ್ತವೆ. ಕೂಲರ್ ಕಂಪನಿಯ ಪುಟದಲ್ಲಿ ಎಷ್ಟು ಎತ್ತರದ ರ‍್ಯಾಮ್‌ವರೆಗೆ ನಡೆಯುತ್ತದೆ ಅಂತ ಬರೆದಿರುತ್ತಾರೆ, ಹುಡುಕಿ ನೋಡಿ. ಸಣ್ಣ ಪಿಸಿಗೆ ಲೈಟಿನ ರ‍್ಯಾಮ್ ತಗೊಳ್ಳುವುದು ನನಗಂತೂ ಅರ್ಥವಾಗದ ವ್ಯವಹಾರ, ಕೂಲರ್ ಕೆಳಗೆ ಹೋದ ಮೇಲೆ ಅದು ಕಾಣುವುದೂ ಇಲ್ಲ.

ಗೋಪುರದಂತೆ ಎತ್ತರದ ಟವರ್ ಕೂಲರ್ ಹಿಡಿಸುವಷ್ಟು ಜಾಗ ಇರುವ ಕ್ಯಾಬಿನೆಟ್ ಆದರೆ ಇದೇ ರ‍್ಯಾಮ್ ಇನ್ನೊಂದು ರೀತಿ ಕೈಕೊಡುತ್ತದೆ. ಕೂಲರ್ 155 ಮಿಮೀ, ಕ್ಯಾಬಿನೆಟ್‌ನಲ್ಲೂ ಅಷ್ಟಿದೆ, ಸರಿ. ಆದರೆ ರ‍್ಯಾಮ್ ಎತ್ತರವಾಗಿದ್ದರೆ ಮುಂದಿನ ಫ್ಯಾನನ್ನು ಕ್ಲಿಪ್‌ನಲ್ಲಿ ಮೇಲಕ್ಕೆ ಸರಿಸಬೇಕಾಗುತ್ತದೆ, ಫ್ಯಾನ್ ಹೀಟ್‌ಸಿಂಕ್‌ಗಿಂತ ಮೇಲೆ ಹೋಗಿ ಪ್ಯಾನಲ್‌ಗೆ ತಡೆಯುತ್ತದೆ.

ಕೈ ಹೋಗುವ ಜಾಗವನ್ನೂ ಮರೆಯಬೇಡಿ. ಎಂಟು ಪಿನ್ನಿನ ಪವರ್ ಕನೆಕ್ಟರ್ ಬೋರ್ಡ್‌ನ ಮೇಲಂಚಿನಲ್ಲಿ ಇರುತ್ತದೆ, ಕೂಲರ್ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಆ ಕೇಬಲ್, ಫ್ಯಾನ್ ವೈರು, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಕೂಲರ್‌ಗಿಂತ ಮೊದಲು.

ಸಾಕೆಟ್‌ನ ತೂತು ಹೊಂದುತ್ತದಾ ಅನ್ನೋದನ್ನೂ ಒಮ್ಮೆ ನೋಡಿಬಿಡಿ. ಇಂಟೆಲ್‌ನ ಹಳೆಯ 1200 ಸಾಕೆಟ್‌ನಲ್ಲಿ ತೂತುಗಳ ಅಂತರ 75 ಮಿಮೀ, 1700ರಲ್ಲಿ 78. ಎಎಂಡಿಯ ಎಎಂ5 ಸಾಕೆಟ್ ಇರುವ ಬೋರ್ಡ್‌ನ ಹಿಂದಿನ ಲೋಹದ ತಟ್ಟೆ, ಅಂದರೆ ಬ್ಯಾಕ್‌ಪ್ಲೇಟ್, ತೆಗೆಯುವ ಹಾಗಿಲ್ಲ, ಅದನ್ನು ಕಳಚಿ ತನ್ನದೇ ಪ್ಲೇಟ್ ಹಾಕುವ ಹಳೆಯ ಎಎಂ4 ಕೂಲರ್‌ಗಳು ಹೊಸ ಕಿಟ್ ಇಲ್ಲದೆ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೂಲರ್ ತಗೊಳ್ಳುವವರು ಇಲ್ಲೇ ಎಡವುವುದು.

ಗಾಳಿಯ ಲೆಕ್ಕ

ಈಗ ನಮ್ಮೂರಿನ ಮಾತಿಗೆ ಬರೋಣ. ಕೂಲರ್ ಎಷ್ಟೇ ದುಬಾರಿಯಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ರಿವ್ಯೂಗಳಲ್ಲಿ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಅಲ್ಲಿ 24 ಡಿಗ್ರಿಗೆ ಪ್ರೊಸೆಸರ್ 74 ತೋರಿಸಿದರೆ, ರಾಯಚೂರಿನ 40 ಡಿಗ್ರಿ ಕೋಣೆಯಲ್ಲಿ ಅದಕ್ಕೆ 16 ಕೂಡಿಸಿ, 90ರ ಹತ್ತಿರ. ಎಎಂ5ನ ರೈಜನ್ 7000 ಸರಣಿಯ ಹೆಚ್ಚಿನ ಪ್ರೊಸೆಸರ್‌ಗಳ ಮಿತಿ 95, ಅದು ಮುಟ್ಟಿದರೆ ಅವು ತಾವಾಗಿಯೇ ವೇಗ ಇಳಿಸುತ್ತವೆ. ಸುಟ್ಟುಹೋಗುವುದಿಲ್ಲ, ಆದರೆ ಕೊಟ್ಟ ದುಡ್ಡಿಗೆ ಕೆಲಸ ಸಿಗುವುದಿಲ್ಲ.

ಹಾಗಾಗಿ ಫ್ಯಾನ್ ಮತ್ತು ಪ್ಯಾನಲ್ ನಡುವೆ ಉಳಿಯುವ ಜಾಗ ಏನು ಮಾಡುತ್ತದೆ ಅನ್ನೋದು ಮುಖ್ಯ. ಪ್ಯಾನಲ್ ಗಾಜಿನದೋ, ತೂತಿಲ್ಲದ ತಗಡಿನದೋ ಆಗಿದ್ದರೆ ಫ್ಯಾನ್‌ಗೆ ಗಾಳಿ ಬದಿಯಿಂದ ಬರಬೇಕು. 2 ಮಿಮೀ ಸಂದಿಯಲ್ಲಿ ಏನೂ ಬರುವುದಿಲ್ಲ. ಕನಿಷ್ಠ 15ರಿಂದ 20 ಮಿಮೀ ಬಿಡಿ, ಅಂದರೆ 67ರ ಜಾಗ ಇದ್ದರೂ 47ರ ಕೂಲರ್ ಹಾಕಿ. ದೊಡ್ಡ ಕೂಲರ್ ಗಾಳಿಯಿಲ್ಲದೆ ಕೂತಿರುವುದಕ್ಕಿಂತ ಚಿಕ್ಕದು ಗಾಳಿ ಕುಡಿಯುತ್ತಾ ಇರುವುದು ಮೇಲು.

ಪ್ಯಾನಲ್ ತುಂಬ ತೂತಿದ್ದರೆ ಲೆಕ್ಕ ತಿರುಗಾಮುರುಗಾ. ಆಗ ಫ್ಯಾನ್ ಪ್ಯಾನಲ್‌ಗೆ ಹತ್ತಿರ ಇದ್ದಷ್ಟೂ ಹೊರಗಿನ ತಾಜಾ ಗಾಳಿ ನೇರ ಎಳೆಯುತ್ತದೆ. ನಡುವೆ 20 ಮಿಮೀ ಖಾಲಿ ಬಿಟ್ಟರೆ ಹೀಟ್‌ಸಿಂಕ್‌ನಿಂದ ಹೊರಬಂದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ನುಂಗುತ್ತದೆ. ತೀರಾ ಅಂಟಿಕೊಂಡರೆ ತೂತಿನಲ್ಲಿ ಸಿಳ್ಳೆಯ ಸದ್ದು ಬರುತ್ತದೆ, 4–5 ಮಿಮೀ ಇದ್ದರೆ ಒಳ್ಳೆಯದು. ಅದಕ್ಕಿಂತ ಜಾಸ್ತಿ ಉಳಿದರೆ ಸುತ್ತ ಒಂದು ಫೋಮ್ ಚೌಕಟ್ಟು ಹಾಕಿ ಸಂದಿ ಮುಚ್ಚಿ. ನಾಕ್ಟುವಾ ತನ್ನ ಎಲ್9 ಕೂಲರ್‌ಗಳಿಗೆ ಇದಕ್ಕೆಂದೇ ಫೋಮ್ ಡಕ್ಟ್ ಕಿಟ್ ಮಾರುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಶಾಲೆ ಮಕ್ಕಳ ಪ್ರಾಜೆಕ್ಟ್‌ಗೆ ಸಿಗುವ ಇವಿಎ ಫೋಮ್ ಶೀಟ್ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೂ ಅದೇ ಕೆಲಸ ಆಗುತ್ತದೆ. ಫ್ಯಾನ್‌ನ ಚೌಕಟ್ಟಿನ ಮೇಲೆ ಮಾತ್ರ ಕೂರಲಿ, ರೆಕ್ಕೆಗೆ ತಾಗದಿರಲಿ.

ಧೂಳಿನ ಜಾಲರಿ ಈ ಲೆಕ್ಕದೊಳಗೇ ಬರಬೇಕು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು, ಗಂಗಾವತಿ ಕಡೆ ರೈಸ್ ಮಿಲ್ಲಿನ ಹೊಟ್ಟಿನ ಪುಡಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಓಣಿಗಳ ನೀಲಿ ನೂಲು, ರಾಯಚೂರಿನಲ್ಲಿ ಹತ್ತಿ ಸೀಸನ್ನಿನ ಎಳೆ, ಯಾವ ಊರಾದರೂ ಏನಾದರೊಂದು ಇದ್ದೇ ಇದೆ. ಗಿಡ್ಡ ಕೂಲರ್‌ನ ತೆಳು ಲೋಹದ ಎಲೆಗಳು ಬಹಳ ಒತ್ತೊತ್ತಾಗಿರುತ್ತವೆ, ಎಳೆ ಸಿಕ್ಕಿಕೊಂಡರೆ ಕಂಬಳಿ ಹೊದೆಸಿದ ಹಾಗೆ. ಆಯಸ್ಕಾಂತದ ಜಾಲರಿಯನ್ನು ಪ್ಯಾನಲ್‌ನ ಹೊರಗೆ ಹಾಕಿದರೆ ಒಳಗಿನ ಜಾಗ ಹಾಗೇ ಉಳಿಯುತ್ತದೆ, ಬಿಚ್ಚಿ ತೊಳೆಯುವುದೂ ಸುಲಭ. ಒಳಗೆ ಹಾಕಿದರೆ ಅದರ ಒಂದೆರಡು ಮಿಮೀ ಕಳೆಯಿರಿ. ಏರ್ ಕೂಲರ್ ಇಟ್ಟುಕೊಂಡವರು ಅದರ ಬಾಯಿಗೆ ನೇರವಾಗಿ ಪಿಸಿ ಇಡಬೇಡಿ, ತಂಪಿನ ಜೊತೆ ತುಂತುರೂ ಬರುತ್ತದೆ.

ಪ್ರೊಸೆಸರ್ ಆಯ್ಕೆಯಲ್ಲೂ ಸ್ವಲ್ಪ ಕೈ ಹಿಡಿತ ಇರಲಿ. ರೈಜನ್ 5 7600 ಡಬ್ಬಿಯ ಮೇಲೆ 65 ವಾಟ್ ಅಂತ ಇದ್ದರೂ 88 ವಾಟ್‌ವರೆಗೆ ಎಳೆಯುತ್ತದೆ, 7600ಎಕ್ಸ್ ಆದರೆ 142ರವರೆಗೆ. ಇಂಟೆಲ್ ಐ5-12400 ಕೂಡ 65 ಅಂತ ಹೇಳಿ, ವೇಗ ಏರಿಸುವ ಟರ್ಬೋದಲ್ಲಿ 117ಕ್ಕೆ ಹೋಗುತ್ತದೆ. 37 ಮಿಮೀ ಕೂಲರ್ ಹಾಕಿ 142 ವಾಟ್ ಬಿಟ್ಟರೆ ಬೇಸಿಗೆಯಲ್ಲಿ ಫ್ಯಾನ್ ಕಿರುಚಿಕೊಳ್ಳುವುದು ನಿಲ್ಲುವುದಿಲ್ಲ. ಪಿಸಿ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ವಾಟ್ ಮಿತಿ ಇಳಿಸುವ ಇಕೋ ಮೋಡ್ ಹಾಕಿ, ಗೇಮ್‌ನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಕೂಡ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ, ಅದು ಬೋನಸ್.

ಕೂಲರ್ ಮನೆಗೆ ಬಂದ ಮೇಲೆ

ಪೇಸ್ಟ್ ಡಬ್ಬಿ ಮುಟ್ಟಬೇಡಿ. ಮೊದಲು ಒಣಗೆ ಕೂರಿಸಿ. ತಳದ ಪ್ಲಾಸ್ಟಿಕ್ ಹಾಳೆಯೂ ಇರಲಿ. ಬೋರ್ಡ್ ಹೊರಗಿರುವಾಗಲೇ ರ‍್ಯಾಮ್ ಹಾಕಿ ಕೂಲರನ್ನು ಮೆಲ್ಲಗೆ ಇಟ್ಟು, ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ರ‍್ಯಾಮ್ ಮತ್ತು ಎಲೆಗಳ ನಡುವೆ ಬೆಳಕಿನ ಗೆರೆ ಕಂಡರೆ ಸರಿ. ಕಾಣದಿದ್ದರೆ ತಾಗುತ್ತಿದೆ, ಸ್ಕ್ರೂ ಬಿಗಿದು ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಒತ್ತಡ ಒಂದೇ ಬದಿಗೆ ಬಿದ್ದು ತಳ ಪ್ರೊಸೆಸರ್ ಮೇಲೆ ಸಮವಾಗಿ ಕೂರುವುದಿಲ್ಲ. ಆಮೇಲೆ ಕ್ಯಾಬಿನೆಟ್‌ನಲ್ಲಿಟ್ಟು ಪ್ಯಾನಲ್ ಮುಚ್ಚಿ, ನಡುಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಟಕ್ ಅಂತ ತಾಗಿದರೆ ಜಾಗ ಸಾಲದು. ಕೂಲರ್ ಬ್ಯಾಕ್‌ಪ್ಲೇಟ್ ಇದ್ದರೆ ಬೋರ್ಡ್‌ನ ಹಿಂದೆಯೂ ಇಣುಕಿ, ಕೆಲವು ಐಟಿಎಕ್ಸ್ ಬೋರ್ಡ್‌ಗಳಲ್ಲಿ ಇನ್ನೊಂದು ಎಸ್‌ಎಸ್‌ಡಿ ಅಲ್ಲೇ ಇರುತ್ತದೆ, ಬೋರ್ಡ್ ಮತ್ತು ಕಾರ್ಡ್ ಬೆನ್ನಿಗೆ ಬೆನ್ನು ಕೂರುವ ಸ್ಯಾಂಡ್‌ವಿಚ್ ಮಾದರಿಯಲ್ಲಿ ಎರಡನ್ನೂ ಜೋಡಿಸುವ ರೈಸರ್ ಕೇಬಲ್ ಕೂಡ ಅಲ್ಲೇ ಹಾದುಹೋಗುತ್ತದೆ.

ಎಲ್ಲ ಸರಿ ಇದ್ದರೆ ಪ್ಲಾಸ್ಟಿಕ್ ತೆಗೆದು, ಪೇಸ್ಟ್ ಹಚ್ಚಿ, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಪರೀಕ್ಷೆ ಮಾಡುವುದು ಮಧ್ಯಾಹ್ನ ಮೂರು ಗಂಟೆಗೆ, ಬೆಳಗಿನ ಜಾವ ತಂಪಿನಲ್ಲಲ್ಲ. ಉಷ್ಣಾಂಶ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ, ಉಷ್ಣಾಂಶ ಏರಿ ಎಲ್ಲಿ ನಿಲ್ಲುತ್ತದೆ ಬರೆದಿಟ್ಟುಕೊಳ್ಳಿ. ಆಮೇಲೆ ಪ್ಯಾನಲ್ ತೆಗೆದು ಇನ್ನೊಮ್ಮೆ ಅದೇ ಹತ್ತು ನಿಮಿಷ. ಎರಡು ಮೂರು ಡಿಗ್ರಿ ಇಳಿದರೆ ಪರವಾಗಿಲ್ಲ. ಎಂಟು ಹತ್ತು ಇಳಿಯಿತು ಅಂದರೆ ಕೂಲರ್‌ಗೆ ಗಾಳಿ ಸಾಲುತ್ತಿಲ್ಲ, ಫೋಮ್ ಚೌಕಟ್ಟೋ, ಗಿಡ್ಡ ಕೂಲರೋ, ತೂತಿನ ಪ್ಯಾನಲ್ಲೋ ಏನಾದರೊಂದು ಬೇಕು. ಪ್ಯಾನಲ್ ತೆಗೆದರೂ ಏನೂ ಬದಲಾಗದೆ 95ರಲ್ಲೇ ನಿಂತಿದ್ದರೆ ಜಾಗದ ತಪ್ಪಲ್ಲ, ಬಯಾಸ್‌ನ ವಾಟ್ ಮಿತಿ ನೋಡಿ, ಪೇಸ್ಟ್ ನೋಡಿ, ಸ್ಕ್ರೂ ನೋಡಿ, ಹಾಗೇ ತಳದ ಆ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಅಂತಲೂ ನೋಡಿ.